ಮೊಣಕೈ ನಲ್ಲಿ

ಡೆಂಕಣಿಕೋಟೆ
19 ಅಕ್ಟೋಬರ್ 2024

ಪ್ರೀತಿಯ ಶಶಿ,

ರಾತ್ರಿ ಎರಡೂವರೆ. ನೀರು ಸುರಿಯುವ ಸದ್ದಿಗೆ ಎಚ್ಚರವಾಯಿತು. ಮಳೆಯಲ್ಲ. ಮಳೆಯಾದರೆ ಮೊದಲು ಕೊಟ್ಟಿಗೆಯ ಶೀಟಿನ ಮೇಲೆ ಬೀಳುತ್ತದೆ. ಇದು ಕಲ್ಲಿನ ಮೇಲೆ ಬೀಳುತ್ತಿತ್ತು, ಒಂದೇ ಸಮ.

ಪುಟ್ಟಿ ನನ್ನ ಮಗ್ಗುಲಲ್ಲೇ ಇದ್ದಳು. ಅತ್ತೆ ನಡುಮನೆಯಲ್ಲಿ ಮಲಗಿದ್ದರು. ನಿಮ್ಮಣ್ಣ ರಾತ್ರಿ ಪಾಳಿಗೆ ಹೋಗಿದ್ದರು. ಟಾರ್ಚ್ ಹಿಡಿದು ಹಿತ್ತಿಲ ಬಾಗಿಲು ತೆಗೆದೆ. ನೀನು ಮಾವನಿಗೆ ಮಾಡಿಕೊಟ್ಟ ನಲ್ಲಿ ಪೂರ್ತಿ ತೆರೆದುಕೊಂಡಿತ್ತು. ಸಿಂಕು ತುಂಬಿ, ಚಪ್ಪಡಿಯ ಮೇಲೆಲ್ಲ ನೀರು. ಯಾರೂ ಇರಲಿಲ್ಲ.

ನೀನು ನನ್ನ ನಂಬರನ್ನೂ ಬ್ಲಾಕ್ ಮಾಡಿದ್ದೀಯ. ಇರಲಿ, ಕೋಪ ಮಾಡಿಕೊಳ್ಳಲು ನಿನಗೆ ಕಾರಣವಿದೆ. ಆದರೆ ಈ ಮನೆಯಲ್ಲಿ ನಲ್ಲಿಯ ವಿಷಯ ತಿಳಿದವಳು ನೀನೊಬ್ಬಳೇ. ಅದಕ್ಕೇ ಕಾಗದ ಬರೆದು, ಇಲ್ಲಿಂದ ದಿನಾ ವ್ಯಾನಿನಲ್ಲಿ ಬರುವ ಸುಷ್ಮಾ ಕೈಯಲ್ಲಿ ಕೊಡುತ್ತಿದ್ದೇನೆ. ‘ಅವ್ಳು ನಿಮ್ಮನೆ ಹೆಸ್ರೆತ್ತಿದ್ರೇ ಎದ್ದೋಗ್ತಾಳೆ ಅಕ್ಕಾ, ನಾನೇನು ಅಂಚೆಯೋಳಾ, ನಂಗೆ ಸ್ಟಾಂಪ್ ದುಡ್ಡು ಯಾರು ಕೊಡ್ತಾರೆ’ ಅಂತ ಗೊಣಗಿದಳು. ಆದರೂ ಒಂದೇ ಕಂಪನಿ, ಒಂದೇ ಗೇಟು, ತಲುಪಿಸುತ್ತಾಳೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬೈಯಬೇಡ. ನಿದ್ದೆಯಿಲ್ಲದವಳಿಗೆ ಹೇಳಿದ್ದನ್ನೇ ಹೇಳುವ ಚಟ. ನಾನು ಮದುವೆಯಾಗಿ ಬಂದಾಗ ಈ ಸಿಂಕು ನೋಡಿ, ಇದೇನು ಇಷ್ಟು ಕೆಳಗೆ, ಮಕ್ಕಳ ಶಾಲೆಯಲ್ಲಿ ಇರುವ ಹಾಗೆ ಅಂದುಕೊಂಡಿದ್ದೆ. ರಾಗಿ ಒಕ್ಕುವ ಮೆಷಿನ್ನು ಮಾವನ ಎರಡೂ ಕೈಯ ಬೆರಳು ತಿಂದ ಕಥೆ ನಿಮ್ಮಣ್ಣ ಹೇಳಿದ್ದರು. ಸಿಂಕಿನ ಕಥೆ ಮಾವನೇ ಹೇಳಿದರು. ‘ಬೆರಳಿದ್ದೋರು ನೀರನ್ನ ಮುಖದ್ ಹತ್ರ ತಗೊಂಡೋಗ್ತಾರೆ. ಬೆರಳಿಲ್ದೋನು ಮುಖಾನೇ ನೀರಿನ್ ಹತ್ರ ತಗೊಂಡೋಗ್ಬೇಕು ಕಣಮ್ಮ. ಅದ್ಕೇ ನಮ್ ಶಶಿ ಸಿಂಕು ತಗ್ಗಿಸವ್ಳೆ.’ ಸ್ಟೂಲಿನಲ್ಲಿ ಕೂತರೆ ಮೊಣಕಾಲು ಒಳಗೆ ಹೋಗುವಷ್ಟು ಜಾಗ ಬಿಟ್ಟಿದ್ದೀಯ. ತಿರುಪು ನಲ್ಲಿ ಕಿತ್ತು ಹಾಕಿ, ಮೊಳದುದ್ದದ ಸ್ಟೀಲಿನ ಹಿಡಿ ಇರುವ ನಲ್ಲಿ ಕೂರಿಸಿದ್ದೀಯ. ಮೊಣಕೈಯಿಂದ ಪಕ್ಕಕ್ಕೆ ತಳ್ಳಿದರೆ ಸಾಕು, ನೀರು. ಐ.ಟಿ.ಐ. ಓದಿದ ಮಗಳು ಅಂತ ಬಂದವರಿಗೆಲ್ಲ ತೋರಿಸುತ್ತಿದ್ದರು. ಯಾರಾದರೂ ಕೈಯಲ್ಲಿ ತೆರೆದರೆ ಬಿಡುತ್ತಿರಲಿಲ್ಲ. ‘ಏಯ್, ಮೊಣಕೈಲಿ ತೆಗಿಲಾ!’

ಈಗ ಅದು ತಾನಾಗಿ ತೆರೆದುಕೊಳ್ಳುತ್ತಿದೆ. ಈ ತಿಂಗಳಲ್ಲಿ ಇದೇ ಮೊದಲಲ್ಲ. ನಿಮ್ಮಣ್ಣನಿಗೆ ಹೇಳಿದರೆ ನೀನೇ ತೆರೆದು ಮರೆತಿರುತ್ತೀಯ ಅನ್ನುತ್ತಾರೆ. ಬಾಣಂತಿತನದಲ್ಲಿ ತಲೆಯ ಯಾವುದೋ ನಟ್ಟು ಬಿದ್ದುಹೋಗಿದೆಯಂತೆ.

ಇನ್ನೊಂದು. ನೀರು ಸುರಿಯುತ್ತಿರುವಾಗ ಅತ್ತೆ ನಿದ್ದೆಯಲ್ಲೇ ಮಾತಾಡುತ್ತಾರೆ. ‘ಕಟ್ಟು ಕಣಯ್ಯಾ, ಕಟ್ಟು.’ ಹಸು ಬಿಚ್ಚಿಕೊಂಡ ಕನಸು ಬೀಳುತ್ತಿರಬೇಕು.

ಹಾಗೆ ಅದರಷ್ಟಕ್ಕೆ ತೆರೆದುಕೊಳ್ಳಲು ಸಾಧ್ಯವೇ? ಅಷ್ಟು ಮಾತ್ರ ಹೇಳು.

ನಿನ್ನ ಅತ್ತಿಗೆ,
ಭಾನು


ಹೊಸೂರು
24 ಅಕ್ಟೋಬರ್ 2024

ಅತ್ತಿಗೆ,

ತಾನಾಗಿ ತೆರೆದುಕೊಳ್ಳುವುದಿಲ್ಲ. ಹಿಡಿಯ ಸ್ಕ್ರೂ ಸಡಿಲವಾಗಿರಬಹುದು, ಅಣ್ಣನ ಕೈಲಿ ಬಿಗಿ ಮಾಡಿಸಿ. ರಾತ್ರಿ ಮಲಗುವ ಮುಂಚೆ ನಲ್ಲಿ ಕಟ್ಟಿಬಿಡಿ, ಆಯಿತು.

ಪುಟ್ಟಿಗೆ ಒಂದು ಸ್ವೆಟರ್ ಇದೆ. ಮನೆಯಲ್ಲಿ ಬೇರೆ ಯಾರಿಗೂ ಹೇಳುವುದೇನಿಲ್ಲ.

ಶಶಿ


ಡೆಂಕಣಿಕೋಟೆ
8 ನವೆಂಬರ್ 2024

ಪ್ರೀತಿಯ ಶಶಿ,

ಸ್ವೆಟರ್ ಸ್ವಲ್ಪ ದೊಡ್ಡದು, ಚಳಿ ಮುಗಿಯುವಷ್ಟರಲ್ಲಿ ಸರಿಹೋಗುತ್ತದೆ. ಅತ್ತೆ ಅದನ್ನು ಮೂಸಿ ನೋಡಿದರು. ಯಾರು ಕಳಿಸಿದ್ದು ಅಂತ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಮಡಿಸಿ ತಮ್ಮ ದಿಂಬಿನ ಕೆಳಗೆ ಇಟ್ಟುಕೊಂಡರು. ಪುಟ್ಟಿಗೆ ಹಾಕಬೇಕಾದಾಗ ನಾನು ಅವರ ದಿಂಬಿನಿಂದ ಕದಿಯಬೇಕು.

ನಿಮ್ಮಣ್ಣ ಸ್ಪ್ಯಾನರ್ ಹಿಡಿದು ನೋಡಿದರು. ‘ಸ್ಕ್ರೂ ಬಿಗಿಯಾಗೇ ಇದೆ. ಸಡಿಲ ಇರೋ ಸ್ಕ್ರೂ ಎಲ್ಲೈತೆ ಅಂತ ನಂಗೊತ್ತು’ ಅಂತ ನನ್ನ ತಲೆ ನೋಡಿದರು.

ನೀನು ಹೇಳಿದಂತೆ ನಲ್ಲಿ ಕಟ್ಟಿದೆ. ಹಸುವಿನ ಹಗ್ಗ ಸಿಗಲಿಲ್ಲ. ಬಾಗಿಲ ಹಿಂದಿನ ಮೊಳೆಯಲ್ಲಿ ಮಾವನ ಕೆಂಪು ಟವೆಲ್ ತೂಗುತ್ತಿತ್ತು. ಮಾವ ಹೋದ ಮೇಲೂ ಅತ್ತೆ ವಾರಕ್ಕೊಮ್ಮೆ ಅದನ್ನು ಒಗೆದು ಹಾಕುತ್ತಾರೆ. ಅದನ್ನೇ ತೆಗೆದು, ಹಿಡಿಗೂ ಪೈಪಿಗೂ ಸೇರಿಸಿ ಎರಡು ಗಂಟು ಹಾಕಿ ಬಿಗಿದೆ. ಏನೋ ಮಾಡಬಾರದ್ದು ಮಾಡಿದ ಹಾಗೆ ಅನಿಸಿತು. ಯಾರದೋ ಕೈ ಕಟ್ಟಿ ಹಾಕಿದಂತೆ.

ಆ ರಾತ್ರಿ ನಾನು ಎದ್ದೇ ಇದ್ದೆ. ಪುಟ್ಟಿ ಹಾಲು ಕುಡಿಯುತ್ತಿದ್ದಳು. ಹಿತ್ತಿಲಿನಿಂದ ಮೊದಲು ಬಟ್ಟೆ ಹರಿಯುವ ಸದ್ದು ಬಂತು. ಅವಸರದ್ದಲ್ಲ, ನಿಧಾನ. ಆಮೇಲೆ ನೀರು.

ಏಳಲಿಲ್ಲ ಶಶಿ. ಮಗುವಿನ ಕಿವಿ ಮುಚ್ಚಿಕೊಂಡು ಕೂತೆ. ನಡುಮನೆಯಿಂದ ಅತ್ತೆ ಅಂದರು, ‘ಕಟ್ಟು ಕಣಯ್ಯಾ.’ ಗೊಗ್ಗರು ದನಿಯಲ್ಲಿ, ನಗುತ್ತಾ.

ಬೆಳಗ್ಗೆ ನಲ್ಲಿ ಸುರಿಯುತ್ತಲೇ ಇತ್ತು. ಟವೆಲ್ ಇರಲಿಲ್ಲ. ಮಧ್ಯಾಹ್ನ ಕಾಡಿನ ಕಾವಲಿನ ಶ್ಯಾಮಣ್ಣ ಅದನ್ನು ಕಡ್ಡಿಯ ತುದಿಗೆ ಸಿಕ್ಕಿಸಿಕೊಂಡು ಬಂದರು. ಕಾಡಿನ ದಾರಿಯ ಪೊದೆಯ ಮೇಲೆ ಬಿದ್ದಿತ್ತಂತೆ, ಒದ್ದೆಯಾಗಿ.

‘ಆನೆ ಏನಾದ್ರೂ...’ ಅಂದೆ.

‘ಯಾನೆ ಎಲ್ಲಾಂ ಈ ವರ್ಷ ಕೆರೆ ಆಚೆ ಪಕ್ಕಮ್ಮಾ’ ಅಂದರು ಅವರು, ಅರ್ಧ ತಮಿಳು ಅರ್ಧ ಕನ್ನಡದಲ್ಲಿ. ‘ಹಿಂಡು ಈ ಕಡೆ ಬಂದಿದ್ರೆ ನಿಮ್ ರಾಗಿ ಉಳೀತಿತ್ತಾ?’

ನಿಜ. ನಮ್ಮ ರಾಗಿಯ ಒಂದು ತೆನೆಯೂ ಮುರಿದಿಲ್ಲ. ಹಿತ್ತಿಲೆಲ್ಲ ಕಲ್ಲು ಚಪ್ಪಡಿ, ಹೆಜ್ಜೆಯ ಗುರುತೂ ಇಲ್ಲ. ಅತ್ತೆ ಬಂದು ಶ್ಯಾಮಣ್ಣನ ಕಡ್ಡಿಯಿಂದ ಟವೆಲ್ ಬಿಡಿಸಿಕೊಂಡರು. ಮಡಿಲಲ್ಲಿ ಹಾಕಿಕೊಂಡು ಹಿಂಡಿದರು.

‘ಮುಖ ತೊಳ್ಕಂಡು, ಒರ್ಸ್ಕಂಡು, ಹೋಗವ್ನೆ’ ಅಂದರು.

ನಾನು ಬಿ.ಎಸ್ಸಿ. ಓದಿದವಳು. ನಿದ್ದೆ ಇದ್ದಿದ್ದರೆ ನಗುತ್ತಿದ್ದೆ. ನೀನು ಬಾ. ಒಂದು ದಿನ ರಜೆ ಹಾಕಿ ಬಂದು ಈ ನಲ್ಲಿಯನ್ನು ಕಿತ್ತು ಹಾಕಿ ಹೋಗು.

ಭಾನು


ಹೊಸೂರು
15 ನವೆಂಬರ್ 2024

ಅತ್ತಿಗೆ,

ಟವೆಲ್ಲಿನಿಂದ ನಲ್ಲಿಯನ್ನು ಕಟ್ಟಿ ಹಾಕಿದಿರಿ ಅಂತ ಓದಿ ಸುಷ್ಮಾ ಎದುರಿಗೇ ಜೋರಾಗಿ ನಕ್ಕುಬಿಟ್ಟೆ. ಆಮೇಲೆ ಊಟ ಸೇರಲಿಲ್ಲ.

‘ಕಟ್ಟು’ ಅಂದರೆ ಹಗ್ಗದಿಂದ ಕಟ್ಟುವುದಲ್ಲ. ಅವ್ವನ ತವರಿನಲ್ಲಿ ಮನೆಮಾತು ತೆಲುಗು. ಅವರಲ್ಲಿ ನಲ್ಲಿ ಕಟ್ಟು ಅಂದರೆ ನಲ್ಲಿ ನಿಲ್ಲಿಸು ಅಂತ. ನಾವೆಲ್ಲ ಅದನ್ನೇ ಕೇಳಿ ಬೆಳೆದವರು. ನಿಮ್ಮ ತವರು ತೊರಪಲ್ಲಿಯಲ್ಲಿ ಹಾಗೆ ಹೇಳುವುದಿಲ್ಲ ಅಂತ ನನಗೆ ಹೊಳೆಯಲೇ ಇಲ್ಲ. ನಾನು ಹೇಳಿದ್ದು ಟ್ಯಾಂಕಿನ ಬುಡದಲ್ಲಿರುವ ವಾಲ್ವನ್ನು. ನುಗ್ಗೆಮರದ ಪಕ್ಕ ಇದೆ. ಅದನ್ನು ತಿರುಗಿಸಿ ನಿಲ್ಲಿಸಿದರೆ ಹಿತ್ತಿಲಿಗೆ ನೀರೇ ಬರುವುದಿಲ್ಲ. ನಲ್ಲಿಯನ್ನು ಯಾರು ತೆರೆದರೂ ಅಷ್ಟೇ.

ನೀವು ಏಳುವ ಹೊತ್ತಿಗೆ ಅಪ್ಪ ಮುಖ ತೊಳೆದು ಆಗಿರುತ್ತಿತ್ತು, ಅದಕ್ಕೇ ನಿಮಗೆ ಗೊತ್ತಿಲ್ಲ. ಕತ್ತಲಲ್ಲೇ ಎದ್ದು, ಮೊಣಕೈಯಿಂದ ನಲ್ಲಿ ತೆರೆದು, ಮುಖ ತೊಳೆದು, ಹಾಗೇ ಬಿಟ್ಟು ಬಂದುಬಿಡುತ್ತಿದ್ದ. ಅವ್ವ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು, ‘ನಲ್ಲಿ ಕಟ್ಟು ಕಣಯ್ಯಾ!’ ಅವನು ಒಂದು ದಿನವೂ ಕಟ್ಟಿದವನಲ್ಲ. ಅವಳೇ ಬೈದುಕೊಂಡು ಹೋಗಿ ಕಟ್ಟುತ್ತಿದ್ದಳು.

ಅವ್ವ ನಿದ್ದೆಯಲ್ಲಿ ಮಾತಾಡುತ್ತಿರುವುದು ಹಸುವಿನ ಜೊತೆ ಅಲ್ಲ ಅತ್ತಿಗೆ.

ಅವಳು ಹೇಗಿದ್ದಾಳೆ ಅಂತ ನಾನು ಕೇಳುತ್ತಿಲ್ಲ.

ಶಶಿ


ಡೆಂಕಣಿಕೋಟೆ
4 ಡಿಸೆಂಬರ್ 2024

ಪ್ರೀತಿಯ ಶಶಿ,

ನೀನು ಕೇಳದಿದ್ದರೂ ಹೇಳುತ್ತೇನೆ. ಅತ್ತೆಯ ಎಡಗಣ್ಣಿಗೂ ಪೊರೆ ಬಂದಿದೆ. ಕೈ ನಡುಗುತ್ತದೆ, ಸಾರು ಬಡಿಸುವಾಗ ತಟ್ಟೆಯ ಹೊರಗೆ ಬೀಳುತ್ತದೆ. ಊಟ ಸರಿಯಾಗಿ ಮಾಡುತ್ತಾರೆ. ನಿನ್ನ ಹೆಸರು ಹೇಳುವುದಿಲ್ಲ. ‘ಅವ್ಳು’ ಅನ್ನುತ್ತಾರೆ.

ನಿನ್ನ ಕಾಗದ ಓದಿದ ದಿನವೇ ಟ್ಯಾಂಕಿನ ವಾಲ್ವ್ ನಿಲ್ಲಿಸಲು ಹೋದೆ. ಅದರ ಹಿಡಿಯೇ ಇರಲಿಲ್ಲ. ಬರೀ ಚೌಕದ ಮೊಳೆ ನಿಂತಿದೆ. ಅತ್ತೆ ಬಿಚ್ಚಿ ಎಲ್ಲೋ ಇಟ್ಟುಬಿಟ್ಟಿದ್ದಾರೆ.

‘ಅತ್ತೆ, ವಾಲ್ವಿನ ಹಿಡಿ ಎಲ್ಲಿ?’

‘ಯಾಕೆ?’

‘ರಾತ್ರಿ ನೀರು ನಿಲ್ಲಿಸಬೇಕು.’

‘ಅವ್ನು ಬಂದಾಗ ನೀರಿಲ್ದಿದ್ರೆ?’

ನಿಮ್ಮಣ್ಣನಿಗೆ ಹೇಳಿದೆ. ಅವರು ಅವ್ವನ ಹತ್ತಿರ ಹೋಗಿ ಕೂತು, ಎಲೆ ಅಡಿಕೆ ಹಾಕಿಕೊಂಡು, ಎದ್ದು ಬಂದರು. ‘ಹೋಗ್ಲಿ ಬಿಡು, ನೀರು ತಾನೆ’ ಅಂದರು. ಅವರೂ ಈಗ ಹಿತ್ತಿಲ ಬಾಗಿಲಿನ ಕಡೆ ನೋಡದೆ ನಡೆಯುತ್ತಾರೆ.

ಮೊನ್ನೆ ಅಮಾವಾಸ್ಯೆ. ಅತ್ತೆ ಪ್ರತಿ ಅಮಾವಾಸ್ಯೆಗೆ ಮಾವನಿಗೆ ಎಡೆ ಇಡುತ್ತಾರಲ್ಲ, ಈ ಸಲ ದೇವರ ಮನೆಯಲ್ಲಿ ಇಡಲಿಲ್ಲ. ಬಾಳೆ ಎಲೆಯಲ್ಲಿ ಮುದ್ದೆ, ಅವರೆಕಾಳು ಸಾರು, ಬಾಳೆಹಣ್ಣು, ಒಂದು ಅಚ್ಚು ಬೆಲ್ಲ ಇಟ್ಟು, ಸಿಂಕಿನ ಅಂಚಿನ ಮೇಲೆ ಇಟ್ಟು ಬಂದರು. ಬೆಳಗ್ಗೆ ಎಲೆಯೂ ಇರಲಿಲ್ಲ. ಕಾಗೆ ಮುದ್ದೆ ತಿನ್ನುತ್ತದೆ, ನಾಯಿ ಸಾರು ನೆಕ್ಕುತ್ತದೆ. ಎಲೆಯನ್ನು ಯಾರು ತಿನ್ನುತ್ತಾರೆ ಶಶಿ?

‘ಹಸ್ಕೊಂಡಿದ್ದ, ಎಲೆ ಸಮೇತ ತಿಂದವ್ನೆ’ ಅಂದರು ಅತ್ತೆ. ಅವರ ಮುಖದಲ್ಲಿ ಎಷ್ಟು ಖುಷಿ ಅಂದರೆ ನನಗೆ ಅಳು ಬಂತು.

ಆಮೇಲೆ ಹೇಳಿದರು. ಕಿಟಕಿಯಿಂದ ನೋಡಿದರಂತೆ. ಪೊರೆಗಣ್ಣಿಗೆ ಮುಖ ಕಾಣಿಸಲಿಲ್ಲ, ಕೈ ಕಾಣಿಸಿತಂತೆ. ‘ಅವನ್ದೇ ಕೈ ಕಣಮ್ಮ. ಬೆರಳಿಲ್ಲ. ಮೆಲ್ಲಗೆ ಬಂದು ಹಿಡೀನ ಪಕ್ಕಕ್ ತಳ್ತು.’

ಪುಟ್ಟಿಯನ್ನು ಎತ್ತಿಕೊಂಡೆ, ಅವಳಿಗೇನೂ ಬೇಡದಿದ್ದರೂ.

ಅತ್ತೆ ಮಾತು ನಿಲ್ಲಿಸಲಿಲ್ಲ. ನಿನಗೆ ಬರೆಯಬಾರದು ಅಂದುಕೊಂಡಿದ್ದೆ, ಬರೆದುಬಿಡುತ್ತೇನೆ. ಮಾವ ನಲ್ಲಿ ಕಟ್ಟದೆ ಬರುತ್ತಿದ್ದುದು ಸೋಮಾರಿತನಕ್ಕಲ್ಲವಂತೆ. ತೆರೆಯುವುದಕ್ಕೆ ಮೊಣಕೈಯಿಂದ ತಳ್ಳಿದರೆ ಆಯಿತು. ಕಟ್ಟುವುದಕ್ಕೆ, ಗೋಡೆಯ ಕಡೆ ಹೋದ ಹಿಡಿಯನ್ನು ತನ್ನ ಕಡೆಗೆ ಎಳೆಯಬೇಕು, ಹಿಂದೆ ಮೊಣಕೈ ತೂರಲು ಜಾಗವಿಲ್ಲ. ಬೆರಳಿಲ್ಲದೆ ಎಳೆಯುವುದು ಹೇಗೆ? ‘ಅವ್ಳಿಗೆ ಹೇಳ್ಬೇಡ ಕಣೇ, ಕೂಸು ಬೇಜಾರ್ ಮಾಡ್ಕೊತದೆ’ ಅಂದಿದ್ದರಂತೆ. ಅದಕ್ಕೇ ಅತ್ತೆ ದಿನವೂ ಬೈದ ಹಾಗೆ ಮಾಡಿ ಹೋಗಿ ಕಟ್ಟುತ್ತಿದ್ದರು. ನಿನಗೆ ತಿಳಿಯದಿರಲಿ ಅಂತ ಜೋರಾಗಿ ಕೂಗುತ್ತಿದ್ದರು.

ಕೊನೆಗೆ ಅಂದದ್ದು ಇದು. ಅವರ ಮಾತಿನಲ್ಲೇ ಬರೆಯುತ್ತೇನೆ. ‘ಅವ್ಳಿಗೆ ಮುಖ ತೋರಿಸ್ದೆ ಮಣ್ಣಾಕ್ಬುಟ್ಟೆ. ಅಮಾವಾಸೆ, ಹೆಣ ಇಟ್ಕೊಬಾರ್ದು ಅಂತ ನಾನೇ ಅವಸರ ಮಾಡ್ದೆ. ಅದ್ಕೇ ದಿನಾ ಬಂದು ಮುಖ ತೊಳ್ಕೊತಾನೆ. ಮಗ್ಳು ಬಂದಾಗ ತೋರ್ಸಕ್ಕೆ.’

ನಾನು ಆಗ ತೊರಪಲ್ಲಿಯಲ್ಲಿ ಹಸಿ ಬಾಣಂತಿ. ನಾನೂ ಅವರ ಮುಖ ನೋಡಲಿಲ್ಲ. ನಿನ್ನ ಪರವಾಗಿಯೂ ಅತ್ತೆಯ ಪರವಾಗಿಯೂ ಮಾತಾಡುವ ಹಕ್ಕು ನನಗಿಲ್ಲ. ಆದರೆ ಈ ಮನೆಯಲ್ಲಿ ಮಲಗಬೇಕಾದವಳು ನಾನು.

ಭಾನು


ಹೊಸೂರು
22 ಡಿಸೆಂಬರ್ 2024

ಅತ್ತಿಗೆ,

ಹದಿನೈದು ದಿನ ನಿಮ್ಮ ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿದೆ.

ಆ ಹಿಡಿಯನ್ನು ಕೂರಿಸಿದ ದಿನ ನಾನೇ ಎರಡೂ ಮುಷ್ಟಿ ಬಿಗಿಹಿಡಿದು ಮೊಣಕೈಯಿಂದ ತೆರೆದು ನೋಡಿದ್ದೆ. ಸಲೀಸಾಗಿ ತೆರೆಯಿತು. ಮುಚ್ಚುವಾಗ ಬೆರಳಿನಿಂದ ಮುಚ್ಚಿದೆ. ಬೆರಳಿದ್ದವಳಿಗೆ ಅದು ಗೊತ್ತೇ ಆಗಲಿಲ್ಲ. ಅಪ್ಪನನ್ನು ಚೆನ್ನಾಗಿದೆಯಾ ಅಂತ ಕೇಳಿದೆ. ‘ಏನ್ ಚೆಂದಾಗೈತೆ ಕಣವ್ವಾ’ ಅಂದ.

ಇದರ ಜೊತೆ ಒಂದು ಹೊಸ ಹಿಡಿ ಕಳಿಸಿದ್ದೇನೆ. ಕಂಪನಿಯ ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ಕೂತು ಮಾಡಿಸಿದ್ದು. ತುದಿಯಲ್ಲಿ ದೊಡ್ಡ ಬಳೆಯಂತೆ ಬಗ್ಗಿಸಿದ್ದೇನೆ, ಮುಂಗೈ ಒಳಗೆ ಹೋಗುವಷ್ಟು. ತಳ್ಳಿದರೆ ತೆರೆಯುತ್ತದೆ, ಕೈಯನ್ನು ಹಿಂದಕ್ಕೆ ತೆಗೆದುಕೊಂಡರೆ ಮುಚ್ಚುತ್ತದೆ. ಬೆರಳು ಬೇಡ. ಅವ್ವನ ಕೈ ನಡುಗುತ್ತದೆ ಅಂದಿರಲ್ಲ, ಅವಳಿಗೆ.

ಆವತ್ತು, ಅಪ್ಪ ಹೋದ ದಿನ, ನನ್ನ ಫೋನು ಕಂಪನಿಯ ಗೇಟಿನ ಲಾಕರಿನಲ್ಲಿತ್ತು. ಪಾಳಿ ಮುಗಿದು ತೆಗೆದಾಗ ಸ್ಕ್ರೀನಿನ ತುಂಬ ಅಣ್ಣನ ಕರೆಗಳು. ಬಂದು ನೋಡಿದಾಗ ಮಣ್ಣು ಮುಚ್ಚಿ, ಮೇಲೆ ನೀರು ಚಿಮುಕಿಸಿ, ಎಲ್ಲರೂ ಕಾಫಿ ಕುಡಿಯುತ್ತಿದ್ದರು. ಯಾರಾದರೂ ಒಬ್ಬರು ಗೇಟಿನ ತನಕ ಬಂದು ಹೇಳಿದ್ದರೆ ಸಾಕಿತ್ತು. ಒಬ್ಬರು.

ತಿಥಿಗೆ ನಾನು ಬರುವುದಿಲ್ಲ.

ಶಶಿ


ಡೆಂಕಣಿಕೋಟೆ
28 ಜನವರಿ 2025, ಸಂಜೆ

ಶಶಿ,

ಇವತ್ತು ಸುಷ್ಮಾ ಮತ್ತು ನೀನು ಇಬ್ಬರೂ ರಾತ್ರಿ ಪಾಳಿ ಅಂತೆ. ನೀನು ಹಾಸ್ಟೆಲಿನಿಂದ ಬರುವಾಗ ಅವಳು ಗೇಟಿನಲ್ಲೇ ನಿಂತಿರುತ್ತಾಳೆ. ಒಳಗೆ ಹೋಗಿದ್ದರೆ ಒಳಗೇ ಬಂದು ಕೊಡುತ್ತಾಳೆ. ಅವಳಿಗೆ ಆಣೆ ಇಡಿಸಿದ್ದೇನೆ. ಇದನ್ನು ನಿಂತ ಜಾಗದಲ್ಲೇ ಓದು.

ನಿನ್ನ ಹೊಸ ಹಿಡಿಯನ್ನು ಅತ್ತೆ ಒಂದು ತಿಂಗಳಿಗೂ ಹೆಚ್ಚು ದೇವರ ಪಟದ ಮುಂದೆ ಇಟ್ಟಿದ್ದರು. ಮಗಳು ಕಳಿಸಿದ್ದು ಅಂತ ಅರಿಶಿನ ಕುಂಕುಮ ಹಚ್ಚಿದರು. ‘ನಂಗ್ಯಾಕೆ ಇದು, ಅವ್ನಿಗೆ’ ಅಂತ ಮೊನ್ನೆ ನಿಮ್ಮಣ್ಣನ ಕೈಲಿ ನಲ್ಲಿಗೆ ಕೂರಿಸಿದರು. ಸಂಜೆ ಹಿತ್ತಿಲ ಬಾಗಿಲಲ್ಲಿ ನಿಂತು ಕತ್ತಲಿಗೆ ಹೇಳಿದರು, ‘ಇನ್ಮೇಲೆ ನೀನೇ ಕಟ್ಬೋದು ಕಣಯ್ಯಾ. ಮಗ್ಳು ಬಳೆ ಕಳ್ಸವ್ಳೆ.’

ನಿನ್ನೆ ರಾತ್ರಿ ನೀರು ಸುರಿಯಿತು. ಸ್ವಲ್ಪ ಹೊತ್ತಿಗೆ ನಿಂತಿತು.

ನಿಂತಿತು ಶಶಿ. ತಾನಾಗಿ. ಮಾವ ಬದುಕಿದ್ದಾಗ ಒಂದು ದಿನವೂ ಆಗದಿದ್ದದ್ದು.

ನಡುಮನೆಯಲ್ಲಿ ಅತ್ತೆ ಎದ್ದು ಕೂತು ‘ಕಟ್ಬುಟ್ಟ! ಭಾನೂ, ಕಟ್ಬುಟ್ಟ ಕಣೇ!’ ಅಂತ ಚಪ್ಪಾಳೆ ತಟ್ಟಿದರು. ಪುಟ್ಟಿಯೂ ಎದ್ದು ಚಪ್ಪಾಳೆ ತಟ್ಟಿದಳು.

ಆದರೆ ನಾನು ಆಗಲೇ ಕಿಟಕಿಯಲ್ಲಿದ್ದೆ. ನೀರು ಶುರುವಾದ ತಕ್ಷಣ ಎದ್ದು ಹೋಗಿದ್ದೆ. ಕೊಟ್ಟಿಗೆಯ ಚಿಕ್ಕ ಬಲ್ಬಿನ ಬೆಳಕು ನಿನ್ನ ಬಳೆಯ ಮೇಲೆ ಮಾತ್ರ ಬೀಳುತ್ತಿತ್ತು. ಆ ಬಳೆಯೊಳಗೆ ಒಂದು ಕೈ ಇತ್ತು. ಬೆರಳಿರಲಿಲ್ಲ. ನಾನೂ ಅದನ್ನು ಮಾವನ ಕೈ ಅಂತಲೇ ನೋಡಿದೆ, ಸುಳ್ಳು ಹೇಳುವುದಿಲ್ಲ. ಬಾಯಿಗೆ ‘ಮಾವಾ’ ಅಂತ ಬಂದುಬಿಟ್ಟಿತ್ತು. ಆಮೇಲೆ ಆ ಕೈ ಮುಗಿಯಲೇ ಇಲ್ಲ. ಬಳೆಯಿಂದ ಮೇಲಕ್ಕೆ ಮೇಲಕ್ಕೆ ಹೋಗುತ್ತಲೇ ಇತ್ತು, ಕೊಟ್ಟಿಗೆಯ ಶೀಟಿಗಿಂತ ಎತ್ತರಕ್ಕೆ. ಅಲ್ಲಿಂದ ತಿದಿ ಊದಿದಂಥ ಒಂದು ಉಸಿರು ಬಂತು. ಅದು ಸೊಂಡಿಲನ್ನು ಹಿಂದಕ್ಕೆಳೆದುಕೊಂಡಿತು. ಬಳೆ ಅದರ ಜೊತೆಗೇ ಬಂತು. ನೀರು ನಿಂತಿತು. ನೀನು ಬರೆದಿದ್ದೆಯಲ್ಲ, ಕೈ ಹಿಂದಕ್ಕೆ ತೆಗೆದುಕೊಂಡರೆ ಮುಚ್ಚುತ್ತದೆ ಅಂತ. ಹಾಗೇ.

ಬೆರಳಿಲ್ಲದವರು ತೆರೆಯಲಿ ಅಂತ ನೀನು ಮಾಡಿದ್ದು. ಅದು ತೆರೆಯಿತು.

ಬೆಳಗ್ಗೆ ಶ್ಯಾಮಣ್ಣನನ್ನು ಕರೆಸಿದೆ. ಬಳೆಯ ಬೆಸುಗೆಯಲ್ಲಿ ಸಿಕ್ಕಿಕೊಂಡಿದ್ದ ತಂತಿಯಂಥ ಕಪ್ಪು ಕೂದಲನ್ನು ಕಿತ್ತು ಬೆಳಕಿಗೆ ಹಿಡಿದರು. ‘ಇದು ಆನೆ ಕೂದ್ಲು. ಹಿಂಡು ಕೆರೆ ಆಚೆನೇ ಇದೆ, ಇದು ಹಿಂಡಿನದ್ದಲ್ಲಮ್ಮಾ. ಒಂಟಿ. ವಯಸ್ಸಾದ ಗಂಡು. ಸದ್ದಿಲ್ದೆ ಬಂದು ಸದ್ದಿಲ್ದೆ ಹೋಗ್ತದೆ. ಇಂಥದ್ದೇ ಮನುಷ್ಯರನ್ನ ಮೆಟ್ಟೋದು. ಕತ್ತಲಾದ್ಮೇಲೆ ಯಾರೂ ಹಿತ್ತಲಿಗೆ ಹೋಗ್ಬೇಡಿ’ ಅಂದರು.

ಅತ್ತೆ ಹೊಸ್ತಿಲಲ್ಲಿ ಕೂತು ಕೇಳಿಸಿಕೊಂಡರು. ‘ಒಂಟಿ. ವಯಸ್ಸಾದೋನು. ಸರಿಯಾಗೇ ಹೇಳವ್ನೆ ಶ್ಯಾಮಣ್ಣ’ ಅಂದರು.

‘ಅತ್ತೆ, ಆನೆ ಕಣತ್ತೆ, ನಾನು ಕಣ್ಣಾರೆ ಕಂಡೆ.’

‘ಆನೆ ಜೊತೇಲೇ ಬಾಳಿದೋಳು ನಾನು. ಆನೆ ರಾಗಿ ತಿಂತದೆ. ರಾಗಿ ಹೊಲ ಬಿಟ್ಟು ಮುಖ ತೊಳೆಯಾಕೆ ಬತ್ತದಾ? ನಲ್ಲಿ ಕಟ್ಟಿ ಹೋಗ್ತದಾ?’



ನಾಳೆ ತೈ ತಿಂಗಳ ಅಮಾವಾಸ್ಯೆ, ಮಾವನ ವರ್ಷದ ತಿಥಿ. ಅತ್ತೆ ಬೆಲ್ಲ, ಬಾಳೆಹಣ್ಣು, ಕಬ್ಬು ಎಲ್ಲ ಒಂದು ಮೊರದಲ್ಲಿ ಜೋಡಿಸಿ ಇಟ್ಟುಕೊಂಡಿದ್ದಾರೆ. ಕೋಳಿ ಕೂಗುವ ಮುಂಚೆ ಎದ್ದು, ಅದನ್ನು ಹಿಡಿದು ಸಿಂಕಿನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಾರಂತೆ. ಮಾವನ ಸ್ಟೂಲಿನಲ್ಲಿ. ಇಷ್ಟು ದಿನ ಇಟ್ಟು ಬರುತ್ತಿದ್ದರು, ನಾಳೆ ಕೂತು ಕೈಯಾರೆ ಕೊಡುತ್ತಾರಂತೆ. ‘ಎದ್ರುಗೇ ಕೇಳ್ತೀನಿ, ಅವ್ಳಿಗೆ ಮುಖ ತೋರಿಸ್ದೆ ಕಳ್ಸಿದ್ದು ತಪ್ಪಾಯ್ತು ಅಂತ.’

ಹಿತ್ತಿಲ ಬಾಗಿಲಿನ ಬೀಗದ ಕೈ, ವಾಲ್ವಿನ ಹಿಡಿ, ಎರಡೂ ಅವರ ಸೊಂಟದ ಚೀಲದಲ್ಲಿವೆ. ಕಿತ್ತುಕೊಳ್ಳಲು ಹೋದೆ. ‘ನನ್ ಮೈ ಮುಟ್ಟಿದ್ರೆ ಈಗ್ಲೇ ಹೋಗಿ ಕೂರ್ತೀನಿ’ ಅಂದರು, ಹೋಗಿಯೇ ಬಿಡುತ್ತಾರೆ. ನಿಮ್ಮಣ್ಣನಿಗೆ ನಾಳೆಯದು ಮಾತ್ರ ರಜೆ, ಈ ರಾತ್ರಿ ಪಾಳಿ. ಅವರ ಕಂಪನಿಯಲ್ಲೂ ಫೋನು ಲಾಕರಿನಲ್ಲೇ. ಏಳು ಗಂಟೆಯ ಬಸ್ಸಿಗೆ ಬರುತ್ತಾರೆ. ಅಷ್ಟು ಹೊತ್ತಿಗೆ ಅತ್ತೆ ಹೊರಗೆ ಹೋಗಿ ಆಗಿರುತ್ತದೆ. ಶ್ಯಾಮಣ್ಣ ಕೆರೆಯಾಚೆ ಹಿಂಡು ಓಡಿಸುವ ಗುಂಪಿನಲ್ಲಿದ್ದಾರೆ, ಬೆಳಕು ಹರಿದ ಮೇಲೆ ನಾಲ್ಕು ಜನರ ಜೊತೆ ಬರುತ್ತೇನೆ ಅಂದಿದ್ದಾರೆ. ಪಕ್ಕದ ಮನೆಯವರನ್ನು ಕರೆದರೆ, ‘ದೊಡ್ಡೋರು ಕಂಡಿದ್ದು ಸುಳ್ಳಾಗ್ತದಾ ಭಾನಮ್ಮ, ತಿಥಿ ಹಿಂದಿನ್ ದಿನ ಅಡ್ಡ ಮಾತಾಡ್ಬೇಡ’ ಅಂತ ನನಗೇ ಬುದ್ಧಿ ಹೇಳಿ ಹೋದರು. ಬಾಗಿಲಿಗೆ ಅಡ್ಡ ಮಲಗುತ್ತೇನೆ. ನನಗೆ ಒಂದು ಕ್ಷಣ ಕಣ್ಣು ಹತ್ತಿದರೆ? ವರ್ಷದಿಂದ ನಿದ್ದೆಯಿಲ್ಲ, ಇವತ್ತೇ ಬಂದುಬಿಟ್ಟರೆ?

ಆವತ್ತು ಯಾರೂ ಗೇಟಿನ ತನಕ ಬರಲಿಲ್ಲ ಅಂತ ನೀನು ಬರೆದಿದ್ದೆ. ಇವತ್ತು ಸುಷ್ಮಾ ಬಂದಿದ್ದಾಳೆ. ಒಬ್ಬರು ಸಾಕಿತ್ತು ಅಂದಿದ್ದೆಯಲ್ಲ.

ವಾಚ್‌ಮನ್ನಿಗೆ ಕಾಲು ಹಿಡಿದಾದರೂ ಲಾಕರಿನಿಂದ ಫೋನು ತೆಗೆಸು. ಅತ್ತೆಯ ನಂಬರಿಗೆ ಮಾಡು. ಆ ಫೋನನ್ನು ಅವರು ಸ್ವೆಟರಿನ ಪಕ್ಕ ದಿಂಬಿನ ಕೆಳಗೇ ಇಟ್ಟುಕೊಂಡು ಮಲಗುತ್ತಾರೆ. ವರ್ಷದಿಂದ ಒಂದು ರಾತ್ರಿಯೂ ಚಾರ್ಜ್ ಮುಗಿಯಲು ಬಿಟ್ಟಿಲ್ಲ. ಯಾರ ಫೋನಿಗೆ ಕಾಯುತ್ತಾರೆ ಅಂತ ನಾನು ಕೇಳಿಲ್ಲ.

ಆನೆ ಅನ್ನಬೇಡ, ನಕ್ಕುಬಿಡುತ್ತಾರೆ. ಅಪ್ಪ ಇಲ್ಲ ಅಂತಲೂ ಅನ್ನಬೇಡ. ಅವರನ್ನು ಕ್ಷಮಿಸಿದೆ ಅಂತ ನನಗೋಸ್ಕರ ಸುಳ್ಳು ಹೇಳು ಅಂತಲೂ ಕೇಳುವುದಿಲ್ಲ. ‘ನಾನು ಬರೋ ತನಕ ಒಳಗೇ ಇರು’ ಅನ್ನು. ಅಷ್ಟು ಬಾಯಿಗೆ ಬರದಿದ್ದರೆ ‘ನಲ್ಲಿ ಕಟ್ಟವ್ವಾ’ ಅನ್ನು, ಸಾಕು. ನಿನ್ನ ಬಾಯಿಂದ ಅದನ್ನು ಕೇಳಿದರೆ ಆ ವಾಲ್ವಿನ ಹಿಡಿ ಅವರ ಚೀಲದಿಂದ ಹೊರಗೆ ಬರುತ್ತದೆ. ನಾನು ಹೇಳಿದರೆ ಅದು ಬರೀ ಒಂದು ಮಾತು. ನಾನು ಅದನ್ನು ನಿನ್ನಿಂದ ಕಲಿತವಳು.

ವ್ಯಾನಿನ ಹಾರನ್ ಕೇಳಿಸುತ್ತಿದೆ, ಸುಷ್ಮಾ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾಳೆ. ಹಿತ್ತಿಲಿನಲ್ಲಿ ಅತ್ತೆ ಸ್ಟೂಲು ತೊಳೆಯುತ್ತಿದ್ದಾರೆ.

ನಾನು ಫೋನ್ ರಿಂಗಾಗುವುದನ್ನೇ ಕೇಳಿಕೊಂಡು ಕೂತಿರುತ್ತೇನೆ. ಎಷ್ಟು ಹೊತ್ತಿಗಾದರೂ ಸರಿ. ಬೆಳಗಾಗುವ ಮುಂಚೆ, ಶಶಿ, ಕೋಳಿ ಕೂಗುವ ಮುಂಚೆ, ದಮ್ಮಯ್ಯ, ಫೋನ್ ಮಾಡು.

ಭಾನು